ಕಾಪಾಡಿದ ಮಾತ್ರಕ್ಕೆ ಮಗು ತಮ್ಮದಾಗುವುದಿಲ್ಲ

1942ರ ಆಗಸ್ಟ್ ಕೊನೆಯ ವಾರ ಫ್ರಾನ್ಸಿನ ಲಿಯೋನ್ ನಗರದ ಹೊರವಲಯದ ವೆನಿಸ್ಸಿಯೂ ಎಂಬಲ್ಲಿ, ಬಳಕೆ ತಪ್ಪಿದ ಸೇನಾ ಶಿಬಿರವೊಂದರಲ್ಲಿ ಸುಮಾರು ಸಾವಿರ ಯಹೂದಿಗಳನ್ನು ಕೂಡಿಹಾಕಿದ್ದರು. ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಕಡೆಯಿಂದ ಜೀವ ಉಳಿಸಿಕೊಳ್ಳಲು ಓಡಿಬಂದವರು ಅವರು. ಆ ಪ್ರದೇಶ ಆಗ ಜರ್ಮನ್ ಸೇನೆಯ ವಶದಲ್ಲಿರಲಿಲ್ಲ; ಅವರನ್ನು ಹಿಡಿದು ತಂದದ್ದು ಹಿಟ್ಲರನೊಂದಿಗೆ ಕೈಜೋಡಿಸಿದ್ದ ವಿಶೀ ಸರ್ಕಾರದ ಫ್ರೆಂಚ್ ಪೊಲೀಸರು. ಗಡೀಪಾರಿನ ಆದೇಶದಲ್ಲಿ ಕೆಲವು ವಿನಾಯಿತಿಗಳಿದ್ದವು. ಹೆತ್ತವರು ಜತೆಗಿಲ್ಲದ, ಹದಿನೆಂಟು ತುಂಬದ ಮಕ್ಕಳನ್ನು ಬಿಡಬಹುದು ಎಂಬುದು ಅವುಗಳಲ್ಲೊಂದು. ಅಂದರೆ ಅಪ್ಪ ಅಮ್ಮನ ಕೈಹಿಡಿದು ನಿಂತ ಮಗು ರೈಲು ಹತ್ತಬೇಕು, ಯಾರೂ ಇಲ್ಲದ ಮಗು ಉಳಿಯಬಹುದು. ಈ ಸಂದಿನಲ್ಲಿ ಕೈಹಾಕಿದವರು ಅಲೆಕ್ಸಾಂಡರ್ ಗ್ಲಾಸ್‌ಬರ್ಗ್ ಎಂಬ ಪಾದ್ರಿ, ಪಿಯೆರ್ ಶೈಯೆ ಎಂಬ ಜೆಸ್ಯೂಟ್ ಗುರು ಮತ್ತು ಯಹೂದಿ ಮಕ್ಕಳ ನೆರವಿಗಿದ್ದ ಓಎಸ್ಇ ಸಂಸ್ಥೆಯ ಕಾರ್ಯಕರ್ತರು. ರಾತ್ರಿಯಿಡೀ ಅವರು ಒಬ್ಬೊಬ್ಬ ತಂದೆತಾಯಿಯ ಬಳಿಗೂ ಹೋಗಿ, ಮಕ್ಕಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಎಂಬ ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಕಾನೂನಿನ ಕಣ್ಣಿನಲ್ಲಿ ರಾತ್ರೋರಾತ್ರಿ ಅನಾಥರಾದ 108 ಮಕ್ಕಳು ಹೊರಬಂದರು. ಐನೂರಕ್ಕೂ ಹೆಚ್ಚು ಮಂದಿ ದೊಡ್ಡವರು ಡ್ರಾನ್ಸಿ ಶಿಬಿರದ ದಾರಿ ಹಿಡಿದರು. ಡ್ರಾನ್ಸಿಯ ಮುಂದಿನ ನಿಲ್ದಾಣ ಆಶ್ವಿಟ್ಜ್. ಮಕ್ಕಳನ್ನು ವಾಪಸು ಕೊಡಿ ಎಂದು ಅಧಿಕಾರಿಗಳು ಪಟ್ಟು ಹಿಡಿದಾಗ ಲಿಯೋನಿನ ಕಾರ್ಡಿನಲ್ ಜೆರ್ಲಿಯೆ ಒಪ್ಪಲಿಲ್ಲ.

ಆ ಸಹಿಗಳನ್ನು ಹೇಗೆ ಓದಬೇಕು ಎಂಬ ಪ್ರಶ್ನೆ ಯುದ್ಧ ಮುಗಿದ ಮೇಲೆ ಯುರೋಪಿನ ನ್ಯಾಯಾಲಯಗಳಿಗೂ ಚರ್ಚುಗಳಿಗೂ ಸಾಕುಮನೆಗಳಿಗೂ ಎದುರಾಯಿತು. ಕಾಗದದ ಮೇಲೆ ಅದು ಮಗುವನ್ನು ತೊರೆದ ಪತ್ರ. ಬರೆಸಿಕೊಂಡವರಿಗೂ ಬರೆದುಕೊಟ್ಟವರಿಗೂ ಅದರ ಅರ್ಥ ಬೇರೆಯೇ ಇತ್ತು. ಹಿಂಸೆಯ ಕಾಲದಲ್ಲಿ ಕುಟುಂಬಪ್ರೀತಿ ಯಹೂದಿಗಳನ್ನು ಹೇಗೆ ಉಳಿಸಿತು ಎಂದು ನಾವು ಸಾಮಾನ್ಯವಾಗಿ ಕೇಳುವ ಕಥೆಗಳೆಲ್ಲ ಒಟ್ಟಿಗಿದ್ದವರ, ಕೈಬಿಡದವರ ಕಥೆಗಳು. ದಾಖಲೆಗಳು ಹೇಳುವುದು ಅಷ್ಟು ಸರಳವಾಗಿಲ್ಲ. ಎಷ್ಟೋ ಮಕ್ಕಳು ಉಳಿದದ್ದು ಹೆತ್ತವರು ಕೈಬಿಟ್ಟಿದ್ದರಿಂದ. ಹಾಗೆ ಬಿಟ್ಟದ್ದೇ ಆ ಬಾಂಧವ್ಯದ ಕೊನೆಯ ಕೆಲಸವಾಗಿತ್ತು ಎಂದು ಒಪ್ಪುವುದಾದರೆ, ಅದರ ಜತೆಗೆ ಬರುವ ಋಣವನ್ನೂ ಒಪ್ಪಬೇಕಾಗುತ್ತದೆ: ಮಗುವನ್ನು ಪಡೆದುಕೊಂಡವರು ಅದನ್ನು ಜೀವಂತವಾಗಿ ಇಡುವುದಕ್ಕಷ್ಟೇ ಅಲ್ಲ, ಅದರ ಹೆಸರನ್ನೂ ನೆಂಟಸ್ತನವನ್ನೂ ಹಿಂದಿರುಗಿಸುವುದಕ್ಕೂ ಬಾಧ್ಯರು. ಯುದ್ಧದ ನಂತರದ ಯುರೋಪು ಮೊದಲ ಮಾತಿಗೆ ಪದಕ ಕೊಟ್ಟು ಎರಡನೆಯದನ್ನು ಬಹಳಷ್ಟು ಕಡೆ ಮರೆಯಿತು ಎಂಬುದು ನನ್ನ ತಕರಾರು.

ಮೊದಲು, ಒಟ್ಟಿಗಿರುವುದು ಎಂಥ ಬಲೆಯಾಗಿತ್ತು ಎಂಬುದನ್ನು ನೋಡಬೇಕು. ನಾಜಿಗಳ ಕೊಲೆಯಂತ್ರ ಕುಟುಂಬದ ಅಂಟನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಡೆಯುತ್ತಿತ್ತು. 1944ರ ಮೇ ಮಧ್ಯದಿಂದ ಜುಲೈ ಆರಂಭದವರೆಗೆ ಹಂಗೇರಿಯಿಂದ ಸುಮಾರು 4,37,000 ಯಹೂದಿಗಳನ್ನು ಸಾಗಿಸಲಾಯಿತು, ಬಹುಪಾಲು ಆಶ್ವಿಟ್ಜ್‌ಗೆ. ರೈಲಿನಿಂದ ಇಳಿದ ಕಡೆಯೇ ಎಸ್ಎಸ್ ವೈದ್ಯರು ದುಡಿಯಬಲ್ಲವರನ್ನು ಒಂದು ಬದಿಗೆ, ಉಳಿದವರನ್ನು ಇನ್ನೊಂದು ಬದಿಗೆ ಕಳಿಸುತ್ತಿದ್ದರು. ಇಪ್ಪತ್ತೈದರ ಗಟ್ಟಿಮುಟ್ಟಾದ ಹೆಂಗಸು ದುಡಿಮೆಯ ಸಾಲಿಗೆ ಸೇರಬಹುದಿತ್ತು. ಕಂಕುಳಲ್ಲಿ ಕೂಸಿದ್ದರೆ ನೇರ ಗ್ಯಾಸ್ ಚೇಂಬರಿಗೆ. ತಾಯಿಯಿಂದ ಮಗುವನ್ನು ಅಲ್ಲಿಯೇ ಕಿತ್ತುಕೊಂಡರೆ ಗಲಾಟೆಯಾದೀತು, ಕೆಲಸ ನಿಧಾನವಾದೀತು ಎಂಬ ಲೆಕ್ಕಾಚಾರ. ಸಾಮಾನು ಇಳಿಸುವ ಕೆಲಸದಲ್ಲಿದ್ದ ಹಳೆಯ ಕೈದಿಗಳು ಮಗುವನ್ನು ಅಜ್ಜಿಯ ಕೈಗೆ ಕೊಟ್ಟುಬಿಡು ಎಂದು ಎಳೆಯ ತಾಯಂದಿರಿಗೆ ಪಿಸುಗುಟ್ಟುತ್ತಿದ್ದುದನ್ನು ಬದುಕಿ ಬಂದ ಹಲವರು ದಾಖಲಿಸಿದ್ದಾರೆ. ಏಕೆಂದು ಕೇಳಲು ಸಮಯವಿರಲಿಲ್ಲ, ಹೇಳುವವನಿಗೆ ಧೈರ್ಯವೂ ಇರಲಿಲ್ಲ. ಆಶ್ವಿಟ್ಜ್ ಶಿಬಿರದ ಭಾಗವೇ ಆದ ಬರ್ಕೆನೌನಲ್ಲಿ ಟೆರೆಜಿನ್‌ನಿಂದ ಬಂದವರನ್ನು ಹೆಂಡಿರು ಮಕ್ಕಳ ಸಮೇತ ಒಂದು ‘ಕುಟುಂಬ ಶಿಬಿರ’ದಲ್ಲಿ ಇಟ್ಟಿದ್ದರು. 1944ರ ಜುಲೈಯಲ್ಲಿ ಅದನ್ನು ಮುಗಿಸುವಾಗ ದುಡಿಯಬಲ್ಲ ತಾಯಂದಿರಿಗೆ ಮಕ್ಕಳನ್ನು ಬಿಟ್ಟು ಹೊರಡುವ ಅವಕಾಶ ಕೊಟ್ಟರು. ಬೆರಳೆಣಿಕೆಯ ಮಂದಿಯನ್ನು ಬಿಟ್ಟರೆ ಯಾರೂ ಹೊರಡಲಿಲ್ಲ. ಹಾಗೆ ಉಳಿದವರನ್ನು ಹೊಗಳಲು ನಾಲಿಗೆ ತಾನಾಗಿ ಹೊರಳುತ್ತದೆ. ಹೊರಟವರನ್ನು ತೂಗಲು ನಮಗೆ ಯಾವ ತಕ್ಕಡಿಯೂ ಇಲ್ಲ.

ಕುಟುಂಬಗಳನ್ನು ಒಡೆಯಬಾರದು ಎಂಬ ಮಾತನ್ನು ಆ ಕಾಲದಲ್ಲಿ ಗಟ್ಟಿಯಾಗಿ ಆಡಿದವರು ಯಾರು ಎಂಬುದನ್ನೂ ಗಮನಿಸಬೇಕು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಪೊಲೀಸರು 13,152 ಯಹೂದಿಗಳನ್ನು ಹಿಡಿದರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು. ಜರ್ಮನ್ನರು ಆಗಿನ್ನೂ ಹದಿನಾರರ ಒಳಗಿನವರನ್ನು ಕೇಳಿರಲಿಲ್ಲ. ಅವರನ್ನೂ ಕರೆದೊಯ್ಯಿರಿ ಎಂದವನು ವಿಶೀ ಸರ್ಕಾರದ ಮುಖ್ಯಸ್ಥ ಪಿಯೆರ್ ಲಾವಾಲ್. ಅದಕ್ಕೆ ಅವನು ಕೊಟ್ಟ ಕಾರಣ ಮಾನವೀಯತೆ: ಮಕ್ಕಳು ಹೆತ್ತವರ ಜತೆಗಿರಲಿ! ನಡೆದದ್ದಂತೂ, ಬರ್ಲಿನ್ನಿನ ಒಪ್ಪಿಗೆ ಬರುವುದರೊಳಗೆ ತಾಯಂದಿರನ್ನು ಪಿಥಿವಿಯೇ ಮತ್ತು ಬೋನ್-ಲಾ-ರೋಲಾಂಡ್ ಶಿಬಿರಗಳಲ್ಲಿ ಮಕ್ಕಳಿಂದ ಬಲವಂತವಾಗಿ ಬಿಡಿಸಿ ರೈಲು ಹತ್ತಿಸಿದರು. ಮಕ್ಕಳನ್ನು ವಾರಗಳ ನಂತರ ಅಪರಿಚಿತರ ನಡುವೆ ತುಂಬಿ ಕಳಿಸಿದರು. ಸಾಗರದಾಚೆ ಅಮೆರಿಕದಲ್ಲಿ 1939ರಲ್ಲಿ, ಜರ್ಮನಿಯ ಇಪ್ಪತ್ತು ಸಾವಿರ ಮಕ್ಕಳನ್ನು ಕೋಟಾದ ಹೊರಗೆ ಒಳಗೆ ಬಿಡುವ ವ್ಯಾಗ್ನರ್-ರೋಜರ್ಸ್ ಮಸೂದೆ ಬಂದಾಗ ವಿರೋಧಿಗಳು ಮುಂದಿಟ್ಟ ವಾದಗಳಲ್ಲಿ, ಮಕ್ಕಳನ್ನು ಮನೆಯಿಂದ ಅಗಲಿಸುವುದು ಸರಿಯಲ್ಲ ಎಂಬುದೂ ಒಂದಾಗಿತ್ತು. ಮಸೂದೆ ಬಿದ್ದುಹೋಯಿತು. ಬ್ರಿಟನ್ 1938ರ ಡಿಸೆಂಬರಿನಿಂದ ಯುದ್ಧ ಶುರುವಾಗುವವರೆಗೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಬಾಗಿಲು ತೆರೆಯಿತು. ಅದು ದೊಡ್ಡ ಉಪಕಾರವೇ. ಆದರೆ ಬಾಗಿಲು ಮಕ್ಕಳಿಗಷ್ಟೇ; ಹೆತ್ತವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯಬೇಕಿತ್ತು. ಕುಟುಂಬ ಒಡೆದದ್ದರಲ್ಲಿ ಕೊಂದವರ ಪಾಲಿನ ಜತೆ, ಕಾಪಾಡಲು ಬಂದವರು ಹಾಕಿದ ಷರತ್ತಿನ ಪಾಲೂ ಇದೆ.

ಹಾಗಾದರೆ ಬೇರೆಯಾಗುವುದೇ ಬುದ್ಧಿವಂತಿಕೆಯಾಗಿತ್ತೇ? ಮನೋವಿಜ್ಞಾನಿ ಬ್ರೂನೊ ಬೆಟೆಲ್‌ಹೈಮ್ 1960ರಲ್ಲಿ ಹಾಗೆಂದೇ ವಾದಿಸಿದರು. ಆ್ಯನ್ ಫ್ರಾಂಕ್‌ಳ ಕುಟುಂಬ ಎಂದಿನ ಮನೆಬದುಕನ್ನೇ ಬಚ್ಚಿಟ್ಟ ಕೋಣೆಗಳಲ್ಲೂ ನಡೆಸಲು ಹೋಗಿ ಸಿಕ್ಕಿಬಿತ್ತು, ಒಬ್ಬೊಬ್ಬರು ಒಂದೊಂದು ಕಡೆ ಅಡಗಿದ್ದರೆ ಕೆಲವರಾದರೂ ಉಳಿಯುತ್ತಿದ್ದರು ಎಂಬುದು ಅವರ ಮಾತು. ಅವರೂ ಡಾಖೌ, ಬೂಖೆನ್‌ವಾಲ್ಡ್ ಶಿಬಿರಗಳನ್ನು ಕಂಡವರೇ. ಮಾತನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆದರೂ ಇದು ಫಲಿತಾಂಶ ತಿಳಿದ ಮೇಲೆ ಬರೆದ ಉತ್ತರಪತ್ರಿಕೆ. ಫ್ರಾಂಕ್ ಕುಟುಂಬ ಪ್ರಿನ್ಸೆನ್‌ಗ್ರಾಕ್ಟಿನ ಆ ಕಟ್ಟಡದಲ್ಲಿ 1942ರ ಜುಲೈಯಿಂದ 1944ರ ಆಗಸ್ಟ್ 4ರವರೆಗೆ, ಎರಡು ವರ್ಷಕ್ಕೂ ಮಿಕ್ಕಿ, ಒಟ್ಟಿಗೇ ಇದ್ದು ಉಳಿದಿತ್ತು. ನೆದರ್ಲೆಂಡ್ಸ್‌ನಲ್ಲಿ ಅಡಗಿಕೊಂಡ ಯಹೂದಿಗಳು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಅವರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಸಿಕ್ಕಿಬಿದ್ದರು, ಒಬ್ಬಂಟಿಯಾಗಿ ಅಡಗಿದ್ದವರೂ ಸೇರಿ. ದ್ರೋಹ, ಆಕಸ್ಮಿಕ, ಹಣಕ್ಕಾಗಿ ಹಿಡಿದುಕೊಡುವವರ ಜಾಲ — ಇವು ಕೂಡಿದ್ದವರನ್ನೂ ಚದುರಿದವರನ್ನೂ ಒಂದೇ ಸಮ ಹುಡುಕಿದವು. ಇನ್ನು ಈಗಿನ ಬೆಲರೂಸಿನ ನಲಿಬೊಕಿ ಕಾಡಿನಲ್ಲಿ ಟುವಿಯಾ ಬೀಲ್ಸ್ಕಿ ಮತ್ತು ತಮ್ಮಂದಿರು ಕಟ್ಟಿದ ಪಾಳೆಯ ನೇರ ವಿರುದ್ಧದ ಸಾಕ್ಷಿ. ಬಂದೂಕು ಹಿಡಿಯಲಾರದ ಮುದುಕರು, ಹೆಂಗಸರು, ಮಕ್ಕಳು ಭಾರ ಎಂದು ಬೇರೆ ಗೆರಿಲ್ಲಾ ಪಡೆಗಳು ದೂರವಿಟ್ಟಾಗ, ಬೀಲ್ಸ್ಕಿಗಳು ಬಂದವರನ್ನೆಲ್ಲ ಸೇರಿಸಿಕೊಂಡರು. 1944ರಲ್ಲಿ ಸುಮಾರು 1,200 ಮಂದಿ ಜೀವಂತ ಹೊರಬಂದರು. ಕಾಡು, ಬಂದೂಕು, ನಾಯಕತ್ವ ಮೂರೂ ಇದ್ದ ಕಡೆ ಒಟ್ಟಿಗಿರುವುದು ಶಕ್ತಿಯಾಯಿತು. ಬಯಲುಸೀಮೆಯಂತೆ ಸಮತಟ್ಟಾದ, ಪ್ರತಿ ಮನೆಯ ಹೆಸರೂ ಸರ್ಕಾರಿ ಕಾರ್ಡಿನಲ್ಲಿದ್ದ ಹಾಲೆಂಡಿನಲ್ಲಿ ಅದು ಬೇರೆಯ ಕಥೆ. ಆದ್ದರಿಂದ ಕೂಡಿರುವುದು ಸರಿಯೋ ಅಗಲುವುದು ಸರಿಯೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದು ವ್ಯರ್ಥ. ಅಗಲಿದವರು ಏನೆಂದುಕೊಂಡು ಅಗಲಿದರು ಎಂಬುದು ಉತ್ತರ ಸಿಗುವ ಪ್ರಶ್ನೆ.

ಇದಕ್ಕೆ ಆಮ್‌ಸ್ಟರ್‌ಡ್ಯಾಮಿನ ಸಾಕ್ಷಿ ಬಲವಾಗಿದೆ. ಅಲ್ಲಿ ಗಡೀಪಾರಿಗೆ ಕಾದವರನ್ನು ಒಂದು ನಾಟಕಶಾಲೆಯಲ್ಲಿ ಕೂಡಿಹಾಕಿ, ಪುಟ್ಟ ಮಕ್ಕಳನ್ನು ಎದುರು ರಸ್ತೆಯ ಶಿಶುವಿಹಾರದಲ್ಲಿ ಇಡುತ್ತಿದ್ದರು. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟಲ್, ನಾಟಕಶಾಲೆಯ ಲೆಕ್ಕ ನೋಡುತ್ತಿದ್ದ ವಾಲ್ಟರ್ ಸುಸ್ಕಿಂಡ್, ಪಕ್ಕದ ಶಿಕ್ಷಕರ ತರಬೇತಿ ಶಾಲೆಯ ಯೋಹಾನ್ ಫಾನ್ ಹುಲ್ಸ್ಟ್ ಮೊದಲಾದವರು ಸೇರಿ ಸುಮಾರು 600 ಮಕ್ಕಳನ್ನು ಬೇಲಿಯಾಚೆಗೆ ಸಾಗಿಸಿದರು. ಮಗುವಿನ ಹೆಸರು ಮೊದಲು ಕಾರ್ಡುಗಳಿಂದ ಮಾಯವಾಗಬೇಕು. ಅದಕ್ಕೂ ಮೊದಲು ಹೆತ್ತವರು ಒಪ್ಪಬೇಕು. ಒಪ್ಪದವರು ಬಹಳ. ಮುಂದೆ ಕಾದಿರುವುದು ಕೊಲೆ ಎಂಬುದು ಅವರಿಗೆ ಖಚಿತವಾಗಿ ಗೊತ್ತಿರಲಿಲ್ಲ. ಚಳಿಯ ನಾಡಿನ ಕೂಲಿಶಿಬಿರವಾದರೆ ಮಗುವಿಗೆ ತಾಯಿಯೇ ಬೇಕಲ್ಲವೇ? ಒಪ್ಪಿದವರೂ ಪ್ರೀತಿ ಕಡಿಮೆಯಾಗಿ ಒಪ್ಪಿದವರಲ್ಲ. ಅವರು ಎಣಿಸಿದ್ದು, ಯುದ್ಧ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇವೆ ಎಂದು. ಪಿಮೆಂಟಲ್ 1943ರಲ್ಲಿ ಆಶ್ವಿಟ್ಜ್‌ನಲ್ಲಿ ಸತ್ತರು. ಸುಸ್ಕಿಂಡ್ ಕೂಡ ಮರಳಲಿಲ್ಲ. ಅವರ ಹೆಂಡತಿ ಮತ್ತು ಪುಟ್ಟ ಮಗಳನ್ನೂ ಕೊಂದರು. ಊರ ಮಕ್ಕಳನ್ನು ಪಾರುಮಾಡಿದವನಿಗೆ ತನ್ನ ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬುದನ್ನು ಓದುವಾಗ, ಈ ಇತಿಹಾಸಕ್ಕೆ ನ್ಯಾಯದ ತಾಳವೇ ಇಲ್ಲ ಎನಿಸುತ್ತದೆ.

ಪಾರುಮಾಡಿದವರಲ್ಲಿ ಅತಿ ಉತ್ತಮರಾದವರು ತಮ್ಮ ಕೆಲಸವನ್ನು ಹೇಗೆ ತಿಳಿದಿದ್ದರು ಎಂಬುದಕ್ಕೆ ಅವರ ಪಟ್ಟಿಗಳೇ ಪುರಾವೆ. ಗುಪ್ತ ಕೆಲಸದ ಮೊದಲ ನಿಯಮ, ಏನನ್ನೂ ಬರೆದಿಡಬಾರದು ಎಂಬುದು. ಒಂದು ಚೀಟಿ ಸಿಕ್ಕರೆ ನೂರು ಮಕ್ಕಳು ಹೋದರು. ಹೀಗಿದ್ದೂ ವಾರ್ಸಾದಲ್ಲಿ ಐರೀನಾ ಸೆಂಡ್ಲರ್ ಮತ್ತು ಸಂಗಡಿಗರು ಘೆಟ್ಟೊದಿಂದ ಹೊರತಂದ ಮಕ್ಕಳ ನಿಜ ಹೆಸರು, ಹೊಸ ಹೆಸರು, ಇರಿಸಿದ ಜಾಗ ಇವನ್ನು ತೆಳು ಕಾಗದದಲ್ಲಿ ಬರೆದು, ಗಾಜಿನ ಪಾತ್ರೆಯಲ್ಲಿಟ್ಟು ತೋಟದ ಮಣ್ಣಲ್ಲಿ ಹೂತರು. (ಮಕ್ಕಳ ಸಂಖ್ಯೆ 2,500 ಎಂಬ ಪ್ರಸಿದ್ಧ ಲೆಕ್ಕವನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ, ವಾದಕ್ಕೆ ಅದರಿಂದ ಬಾಧೆಯಿಲ್ಲ.) ಯುದ್ಧ ಮುಗಿದ ಮೇಲೆ ಆ ಪಟ್ಟಿಯನ್ನು ಪೋಲೆಂಡಿನ ಯಹೂದಿ ಸಮಿತಿಯ ಅಡಾಲ್ಫ್ ಬೆರ್ಮನ್‌ಗೆ ಒಪ್ಪಿಸಲಾಯಿತು. ಬೆಲ್ಜಿಯಂನಲ್ಲಿ ಯಹೂದಿ ರಕ್ಷಣಾ ಸಮಿತಿಯ ಜತೆ ದುಡಿದ ಆಂದ್ರೆ ಗೂಲೆನ್ ಎಂಬ ಶಿಕ್ಷಕಿ ಯಹೂದಿಯಲ್ಲ. ಆಕೆಯ ತಂಡ ಮಕ್ಕಳ ವಿವರಗಳನ್ನು ಬೇರೆ ಬೇರೆ ನೋಟ್‌ಪುಸ್ತಕಗಳಲ್ಲಿ ಹಂಚಿ ಬರೆದಿತ್ತು. ಒಂದರಲ್ಲಿ ಸಂಕೇತ ಸಂಖ್ಯೆ ಮತ್ತು ನಿಜನಾಮ, ಇನ್ನೊಂದರಲ್ಲಿ ಸುಳ್ಳು ಹೆಸರು, ಮತ್ತೊಂದರಲ್ಲಿ ವಿಳಾಸ. ಒಂದೇ ಪುಸ್ತಕ ಕೈಗೆ ಸಿಕ್ಕಿದವನಿಗೆ ಏನೂ ತಿಳಿಯದು. ಯುದ್ಧಾನಂತರ ಗೂಲೆನ್ ಮತ್ತೆ ಮನೆಮನೆಗೆ ಹೋದರು, ಈ ಸಲ ಮಕ್ಕಳನ್ನು ವಾಪಸು ಕರೆತರಲು. ಇವರು ಜೀವವನ್ನು ಪಣವಿಟ್ಟು ಬರೆದಿಟ್ಟದ್ದು ಯಾಕೆ? ಮಗುವಿನ ಉಸಿರು ಉಳಿಸುವುದಷ್ಟೇ ಗುರಿಯಾಗಿದ್ದರೆ ಹಳೆಯ ಹೆಸರನ್ನು ಸುಟ್ಟುಹಾಕುವುದೇ ಕ್ಷೇಮವಾಗಿತ್ತು. ಊರು ಬಿಡುವವರು ನೆರೆಯವರ ಕೈಲಿಟ್ಟ ಇಡುಗಂಟಿನಂತೆ ಅವರು ಮಕ್ಕಳನ್ನು ಕಂಡರು: ಇಟ್ಟವರು ಬಂದು ಕೇಳಿದಾಗ ಕೊಡಬೇಕು, ಅವರು ಬಾರದಿದ್ದರೆ ಅವರ ಕಡೆಯವರನ್ನು ಹುಡುಕಬೇಕು.

ಸರ್ಕಾರಗಳು ಹಾಗೆ ಕಾಣಲಿಲ್ಲ. ನೆದರ್ಲೆಂಡ್ಸ್‌ನಿಂದ ಗಡೀಪಾರಾದ ಸುಮಾರು 1,07,000 ಮಂದಿಯಲ್ಲಿ ಹಿಂತಿರುಗಿದವರು ಐದು ಸಾವಿರದ ಆಸುಪಾಸು. ಅಡಗಿದ್ದು ಉಳಿದ ಮಕ್ಕಳಲ್ಲಿ ಸುಮಾರು ಎರಡು ಸಾವಿರ ಮಂದಿಗೆ ಹೆತ್ತವರಿರಲಿಲ್ಲ. 1945ರ ಆಗಸ್ಟ್‌ನಲ್ಲಿ ಡಚ್ ಸರ್ಕಾರ ಅವರಿಗಾಗಿ ಒಂದು ಆಯೋಗ ನೇಮಿಸಿತು. ತಿಂಗಳೊಳಗೆ ಬಂದು ಕೇಳದ ಹೆತ್ತವರಿಗೆ ಮಕ್ಕಳ ಮೇಲಿನ ಅಧಿಕಾರ ತಾನಾಗಿ ಮರಳುವುದಿಲ್ಲ, ಆಯೋಗದ ಶಿಫಾರಸಿನಂತೆ ತೀರ್ಮಾನವಾಗುತ್ತದೆ ಎಂಬುದು ಅದರ ಮೂಲ ನಿಯಮ. ಒಂದು ತಿಂಗಳು! ಯುರೋಪಿನ ಅರ್ಧ ರೈಲುಹಳಿ ಕಿತ್ತುಹೋಗಿದ್ದ ಬೇಸಿಗೆಯಲ್ಲಿ, ಶಿಬಿರಗಳಿಂದ ಹೊರಬಂದವರು ಟೈಫಸ್ ಜ್ವರದಲ್ಲಿ ಮಲಗಿದ್ದಾಗ. ಆಯೋಗದ ಅಧ್ಯಕ್ಷೆ ಗೆಸಿನಾ ಫಾನ್ ಡೆರ್ ಮೊಲೆನ್ ಮಕ್ಕಳನ್ನು ಅಡಗಿಸಿ ಉಳಿಸಿದ ಪ್ರತಿರೋಧ ಚಳವಳಿಯವರೇ. ಅವರನ್ನು ದುಷ್ಟರ ಸಾಲಿಗೆ ಸೇರಿಸಲಾಗದು, ಪ್ರಶ್ನೆ ತೊಡಕಾಗುವುದೇ ಅದಕ್ಕೆ. ಹೆತ್ತವರು ಮಗುವನ್ನು ತಮ್ಮಂಥವರ ಕೈಗೆ ಕೊಟ್ಟಾಗಲೇ ಅದರ ಭವಿಷ್ಯವನ್ನು ನಿರ್ಧರಿಸುವ ಹಕ್ಕನ್ನೂ ಕೊಟ್ಟರು ಎಂಬ ಭಾವನೆ ಅವರ ನಿಲುವಿನ ತಳದಲ್ಲಿತ್ತು. ಆಯೋಗದಲ್ಲಿದ್ದ ಯಹೂದಿ ಸದಸ್ಯರು ಅಲ್ಪಸಂಖ್ಯಾತರು. ಅವರ ವಿರೋಧದ ನಡುವೆಯೂ ನೂರಾರು ಅನಾಥರು ಯಹೂದಿಯಲ್ಲದ ಸಾಕುಮನೆಗಳಲ್ಲೇ ಉಳಿದರು.

ಫ್ರಾನ್ಸಿನಲ್ಲಿ ಇದೇ ಜಗಳ ದೇಶವನ್ನೇ ಎರಡಾಗಿ ಸೀಳಿತು. ವಿಯೆನ್ನಾದ ವೈದ್ಯ ಫ್ರಿಟ್ಜ್ ಫಿನಾಲಿ ಮತ್ತು ಹೆಂಡತಿ ಆನಿ, ಆಸ್ಟ್ರಿಯಾ ಹಿಟ್ಲರನ ವಶವಾದ ಮೇಲೆ ಓಡಿಬಂದು ಗ್ರೆನೋಬಲ್ ಬಳಿ ನೆಲೆಸಿದ್ದರು. 1941ರಲ್ಲಿ ರೋಬೆರ್, 1942ರಲ್ಲಿ ಜೆರಾಲ್ಡ್ ಹುಟ್ಟಿದರು. ಅಪಾಯದ ಅರಿವಿದ್ದೂ ತಂದೆ ಇಬ್ಬರಿಗೂ ಸುನ್ನತಿ ಮಾಡಿಸಿದ್ದ. ಮಕ್ಕಳು ಯಾರಾಗಿ ಬೆಳೆಯಬೇಕು ಎಂಬ ಬಗ್ಗೆ ಇದಕ್ಕಿಂತ ಸ್ಪಷ್ಟ ಉಯಿಲು ಬೇಕಿಲ್ಲ. 1944ರ ಫೆಬ್ರವರಿಯಲ್ಲಿ ದಂಪತಿಯನ್ನು ಹಿಡಿದು ಆಶ್ವಿಟ್ಜ್‌ಗೆ ಕಳಿಸಿದರು. ಮಕ್ಕಳು ಊರಿನ ಪುರಸಭೆಯ ಶಿಶುಗೃಹದ ಮುಖ್ಯಸ್ಥೆ ಆಂಟೊನೆಟ್ ಬ್ರೂನ್ ಎಂಬಾಕೆಯ ಕೈಸೇರಿ ಉಳಿದುಕೊಂಡರು. 1945ರ ಆರಂಭದಲ್ಲೇ ನ್ಯೂಜಿಲೆಂಡಿನಿಂದ ತಂದೆಯ ಅಕ್ಕತಂಗಿಯರಲ್ಲೊಬ್ಬಳು, ಮಕ್ಕಳ ಸೋದರತ್ತೆ, ಕಾಗದ ಬರೆದು ಅವರನ್ನು ಕೇಳಿದಳು. ಆಗ ಹಿರಿಯವನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಬ್ರೂನ್ ಕೊಡಲಿಲ್ಲ, ತಾನೇ ಪೋಷಕಿಯೆಂದು ಮಾಡಿಸಿಕೊಂಡಳು, 1948ರಲ್ಲಿ ಇಬ್ಬರಿಗೂ ಕ್ರೈಸ್ತ ದೀಕ್ಷೆ ಕೊಡಿಸಿದಳು. ದೀಕ್ಷೆಯಾದ ಮಗುವನ್ನು ಬೇರೆ ಧರ್ಮದವರ ಕೈಗೆ ಕೊಡಬಾರದು ಎಂಬ ಹಳೆಯ ಧರ್ಮನಿಯಮ ಅಲ್ಲಿಂದ ಆಟಕ್ಕೆ ಬಂತು. ಇಸ್ರೇಲಿನಲ್ಲಿದ್ದ ಇನ್ನೊಬ್ಬ ಸೋದರತ್ತೆಯ ಪರವಾಗಿ ಗ್ರೆನೋಬಲ್ಲಿನ ಮೊಶೆ ಕೆಲ್ಲರ್ ಎಂಬವರು ವರ್ಷಗಟ್ಟಲೆ ಕೋರ್ಟು ಹತ್ತಿದರು. 1952ರಲ್ಲಿ ಮೇಲ್ಮನವಿ ನ್ಯಾಯಾಲಯ ಮಕ್ಕಳನ್ನು ಅತ್ತೆಗೆ ಕೊಡಿ ಎಂದಾಗ ಅವರು ಮಾಯವಾದರು. ಒಂದು ಕ್ರೈಸ್ತ ಶಾಲೆಯಿಂದ ಇನ್ನೊಂದಕ್ಕೆ, ಸುಳ್ಳು ಹೆಸರಿನಲ್ಲಿ, ಕೊನೆಗೆ 1953ರ ಫೆಬ್ರವರಿಯಲ್ಲಿ ಬಾಸ್ಕ್ ಪಾದ್ರಿಗಳ ಸಹಾಯದಿಂದ ಪಿರೆನೀಸ್ ಬೆಟ್ಟ ದಾಟಿ ಸ್ಪೇನಿಗೆ. ಬ್ರೂನ್ ಜತೆಗೆ ಕೆಲವು ಪಾದ್ರಿ, ಸನ್ಯಾಸಿನಿಯರೂ ಜೈಲು ಕಂಡರು. ಆ ವರ್ಷದ ಜೂನ್ ಕೊನೆಗೆ ಮಕ್ಕಳು ಮರಳಿದರು, ಜುಲೈಯಲ್ಲಿ ಇಸ್ರೇಲಿಗೆ ಹೋದರು. ಪೋಪ್ ಹನ್ನೆರಡನೇ ಪಯಸ್ ಕಾಲದ ದಫ್ತರಗಳು 2020ರಲ್ಲಿ ತೆರೆದಾಗ ಇತಿಹಾಸಕಾರ ಡೇವಿಡ್ ಕರ್ಟ್ಜರ್ ಅಲ್ಲಿ ಕಂಡದ್ದು, ಮಕ್ಕಳನ್ನು ಒಪ್ಪಿಸದಿರಲು ಸ್ಥಳೀಯ ಚರ್ಚಿಗೆ ವ್ಯಾಟಿಕನ್ನಿನ ಮೇಲಿನವರ ಬೆಂಬಲವಿತ್ತು ಎಂಬುದನ್ನು. ಒಮ್ಮೆ ಯಹೂದಿಗಳೆಂಬ ಕಾರಣಕ್ಕೆ ಬಚ್ಚಿಡಲ್ಪಟ್ಟ ಮಕ್ಕಳು, ವರ್ಷಗಳ ಬಳಿಕ ಯಹೂದಿ ನೆಂಟರಿಂದಲೇ ಮುಚ್ಚಿಡಲು ಸುಳ್ಳು ಹೆಸರು ಪಡೆದರು.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ರಕ್ತಸಂಬಂಧ, ಧರ್ಮ, ಮನೆತನ ಎಲ್ಲ ದೊಡ್ಡವರ ಲೆಕ್ಕ. ಎರಡು ವರ್ಷದ ಮಗುವಿಗೆ ತಾಯಿ ಎಂದರೆ ತುತ್ತು ತಿನ್ನಿಸಿದವಳು. ಅವಳಿಂದ ಕಿತ್ತು, ಭಾಷೆಯೇ ತಿಳಿಯದ ಅತ್ತೆಯ ಮನೆಗೆ ಅಟ್ಟುವುದು ಎರಡನೇ ಅನಾಥತನವಲ್ಲವೇ? ಇದರಲ್ಲಿ ನಿಜವಿದೆ. 1945ರಲ್ಲಿ ಟೆರೆಜಿನ್ ಶಿಬಿರದಿಂದ ಇಂಗ್ಲೆಂಡಿಗೆ ಬಂದ, ಮೂರರ ಆಸುಪಾಸಿನ ಆರು ಮಕ್ಕಳನ್ನು ಆನಾ ಫ್ರಾಯ್ಡ್ ಮತ್ತು ಸೋಫಿ ಡಾನ್ ಅಧ್ಯಯನ ಮಾಡಿದ್ದರು. ತಂದೆತಾಯಿಯನ್ನೇ ಕಾಣದ ಆ ಮಕ್ಕಳು ಒಬ್ಬರನ್ನೊಬ್ಬರು ಬಿಟ್ಟು ಒಂದು ಗಳಿಗೆ ಇರುತ್ತಿರಲಿಲ್ಲ, ತಿಂಡಿಯನ್ನು ಮೊದಲು ಪಕ್ಕದವನಿಗೆ ಕೊಡುತ್ತಿದ್ದವು. ಕರುಳು ಎಂದರೆ ರಕ್ತ ಮಾತ್ರ ಎಂದು ಯಾರೂ ಹಟ ಹಿಡಿಯುವ ಹಾಗಿಲ್ಲ. ಆದರೆ ಫಿನಾಲಿ ಪ್ರಕರಣದಲ್ಲಿ ಆ ನಂಟು ಬೆಳೆಯಲು ಬೇಕಾದ ವರ್ಷಗಳು ಎಲ್ಲಿಂದ ಬಂದವು? ಅತ್ತೆಯ ಕಾಗದಕ್ಕೆ ಉತ್ತರಿಸದೆ ಉಳಿಸಿಕೊಂಡ ವರ್ಷಗಳು ಅವು. ತಾನೇ ಮಾಡಿದ ವಿಳಂಬವನ್ನು ತೋರಿಸಿ, ಈಗ ತಡವಾಯಿತು ಎನ್ನುವ ವಾದ ಯಾವ ನ್ಯಾಯಾಲಯದಲ್ಲೂ ನಿಲ್ಲಬಾರದು. ಮತ್ತೂ ಒಂದು ಪುರಾವೆ ಡಚ್ ಮನೋವೈದ್ಯ, ಕಾದಂಬರಿಕಾರ ಹಾನ್ಸ್ ಕೈಲ್ಸನ್ ಅವರದು. ಅವರ ಹೆತ್ತವರೂ ಆಶ್ವಿಟ್ಜ್‌ನಲ್ಲೇ ಹೋದವರು. ನೆದರ್ಲೆಂಡ್ಸ್‌ನ 204 ಯಹೂದಿ ಅನಾಥರನ್ನು ದಶಕಗಳ ಕಾಲ ಹಿಂಬಾಲಿಸಿ 1979ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ತಿರುಳು ಇದು: ಯುದ್ಧದಲ್ಲಿ ಹೆಚ್ಚು ನೊಂದು ಯುದ್ಧಾನಂತರ ಒಳ್ಳೆಯ ಆಸರೆ ಪಡೆದ ಮಕ್ಕಳು, ಯುದ್ಧದಲ್ಲಿ ಅಷ್ಟು ನೋಯದೆ ಆಮೇಲೆ ಕೆಟ್ಟ ಆಸರೆ ಪಡೆದವರಿಗಿಂತ ಮುಂದೆ ಚೆನ್ನಾಗಿದ್ದರು. ಅಂದರೆ ಫಿರಂಗಿ ನಿಂತ ದಿನ ಕಾಪಾಡುವ ಕೆಲಸ ಮುಗಿಯಲಿಲ್ಲ. ಆ ದಿನದಿಂದ ದೊಡ್ಡವರು ಏನು ಮಾಡಿದರು ಎಂಬುದೇ ಹೆಚ್ಚು ತೂಗಿತು. ಕೈಲ್ಸನ್ ಇದನ್ನು ನೆಂಟರ ಪರವಾದ ತೀರ್ಪಾಗಿ ಬರೆದಿಲ್ಲ, ನಾನೂ ಹಾಗೆ ತಿರುಚುವುದಿಲ್ಲ. ಆದರೆ ಮಗುವಿನಿಂದ ಅದರ ಹುಟ್ಟನ್ನು ಮುಚ್ಚಿಟ್ಟು, ಊರೂರು ಅಡಗಿಸಿದ ಆಸರೆಯನ್ನು ಒಳ್ಳೆಯದೆನ್ನಲು ಸಾಧ್ಯವೇ? ಅತ್ತೆಗೆ ಆಗಲೇ ಕಾಗದ ಬರೆದು, ಫೋಟೊ ಕಳಿಸಿ, ಮಕ್ಕಳಿಗೆ ಅವಳ ಹೆಸರು ಹೇಳಿ, ಮೆಲ್ಲಗೆ ದಾಟಿಸುವ ದಾರಿ ತೆರೆದೇ ಇತ್ತು.

ಪ್ರಾಣದ ಹಂಗು ತೊರೆದು ಮಗುವನ್ನು ಉಳಿಸಿದವರ ಮೇಲೆ ಹೀಗೆ ಲೆಕ್ಕ ಕೇಳುವುದು ಕೃತಘ್ನತೆ ಎನ್ನುವವರಿದ್ದಾರೆ. ಸಾಕುತಾಯಿಗೂ ಕರುಳಿದೆ; ಮೂರು ವರ್ಷ ಎದೆಗಪ್ಪಿದ ಮಗುವನ್ನು ಕಳಿಸಿಕೊಟ್ಟು ಖಾಲಿ ಮನೆಯಲ್ಲಿ ಕೂತ ಎಷ್ಟೋ ಡಚ್, ಬೆಲ್ಜಿಯನ್ ಹೆಂಗಸರ ನೋವು ಎಲ್ಲೂ ದಾಖಲಾಗಿಲ್ಲ. ಅವರಿಗೆ ಬರಬೇಕಾದ ಗೌರವ ಬರಲಿ, ಮಗು ಅವರನ್ನು ಅಮ್ಮ ಎಂದೇ ಕರೆಯುತ್ತಿರಲಿ. ಹಾಗೆ ಕಳಿಸಿಕೊಟ್ಟವರೇ ಇಲ್ಲಿ ನನ್ನ ಸಾಕ್ಷಿ: ಅವರು ಕೊಟ್ಟರು ಎಂಬುದೇ, ಕೊಡಬಹುದಾಗಿತ್ತು ಎಂಬುದಕ್ಕೆ ಆಧಾರ. ಉಪಕಾರದಿಂದ ಕೃತಜ್ಞತೆ ಹುಟ್ಟುತ್ತದೆ, ಒಡೆತನ ಹುಟ್ಟುವುದಿಲ್ಲ. ನದಿಗೆ ಬಿದ್ದ ಮಗುವನ್ನು ಎತ್ತಿದವನು ದಡದಲ್ಲಿ ನಿಂತ ಅಜ್ಜನಿಗೆ ಅದನ್ನು ಕೊಡುವುದಿಲ್ಲ ಎಂದರೆ ಊರು ಸುಮ್ಮನಿರುತ್ತದೆಯೇ?

ಇದಕ್ಕಿಂತ ಇಕ್ಕಟ್ಟಿನ ಆಕ್ಷೇಪ ಮತ್ತೊಂದು ಕಡೆಯಿಂದ ಬರುತ್ತದೆ. ಯುದ್ಧಾನಂತರ ಮಕ್ಕಳನ್ನು ಕೇಳಿದವರೆಲ್ಲ ಅತ್ತೆ, ಚಿಕ್ಕಪ್ಪಂದಿರಾಗಿರಲಿಲ್ಲ. ಆರು ದಶಲಕ್ಷ ಮಂದಿಯನ್ನು ಕಳೆದುಕೊಂಡ ಸಮುದಾಯಕ್ಕೆ ಒಂದೊಂದು ಮಗುವೂ ಮರುಹುಟ್ಟಿನ ಬೀಜವಾಗಿ ಕಂಡದ್ದು ಸಹಜ. ಅದಕ್ಕಾಗಿ ಸಂಸ್ಥೆಗಳು ಪೋಲೆಂಡಿನ ಹಳ್ಳಿಗಳಲ್ಲಿ ಹಣ ಕೊಟ್ಟು ಮಕ್ಕಳನ್ನು ಬಿಡಿಸಿಕೊಂಡದ್ದುಂಟು. ಬಿಡಿಸಿದವರನ್ನು ನೆಂಟರ ಮನೆಗಲ್ಲದೆ ಅನಾಥಾಲಯಗಳಿಗೆ, ಅಲ್ಲಿಂದ ಪ್ಯಾಲೆಸ್ಟೈನಿಗೆ ಕಳಿಸಿದ್ದೂ ಉಂಟು. ಬೆಚ್ಚಗಿನ ಸಾಕುಮನೆಯಿಂದ ಹಾಸಿಗೆಸಾಲಿನ ಹಾಲಿಗೆ ಬಂದ ಮಗುವಿಗೆ ಅದು ಬಿಡುಗಡೆಯಾಗಿ ಕಂಡಿರಲಾರದು. ಸಮುದಾಯಕ್ಕೆ ಮಗುವಿನ ಮೇಲೆ ಹಕ್ಕಿದೆ ಎಂಬ ವಾದವನ್ನು ನಾನು ಒಪ್ಪಲಾರೆ. ಚರ್ಚಿನ ಬಾಯಲ್ಲಿ ತಪ್ಪಾದ ಮಾತು ಸಿನಗಾಗಿನ ಬಾಯಲ್ಲಿ ಸರಿಯಾಗುವುದಿಲ್ಲ. ನಾನು ಹೇಳುತ್ತಿರುವುದು ಮಗುವಿನ ಹಕ್ಕನ್ನು: ತಾನು ಯಾರ ಮಗ, ಯಾರ ಮಗಳು ಎಂದು ತಿಳಿಯುವ, ತನ್ನನ್ನು ಹೆಸರು ಹಿಡಿದು ಹುಡುಕುತ್ತಿರುವವರನ್ನು ಕಾಣುವ ಹಕ್ಕು. ನೆಂಟರೇ ಇಲ್ಲದ ಮಗು ಸಾಕುಮನೆಯಲ್ಲಿ ನೆಮ್ಮದಿಯಾಗಿದ್ದರೆ, ತನ್ನ ಹುಟ್ಟನ್ನು ಅರಿತೇ ಅಲ್ಲಿ ಬೆಳೆಯಲಿ ಎಂದರೆ ಅದರಲ್ಲಿ ಅನ್ಯಾಯ ಕಾಣದು. ಎಷ್ಟೋ ಮನೆಗಳು ಹಾಗೆಯೇ ನಡೆದುಕೊಂಡವು.

ಈ ಜಗಳಗಳು ನಡೆಯುತ್ತಿದ್ದ ಹೊತ್ತಿನಲ್ಲೇ, 1949ರಲ್ಲಿ, ನಾಲ್ಕನೇ ಜಿನೀವಾ ಒಪ್ಪಂದ ರೂಪುಗೊಂಡಿತು. ಯುದ್ಧದಿಂದ ಚದುರಿದ ಮಕ್ಕಳ ಶಿಕ್ಷಣವನ್ನು ಸಾಧ್ಯವಾದಷ್ಟು ಅವರದೇ ಸಂಸ್ಕೃತಿಯ ಪರಂಪರೆಯವರಿಗೆ ವಹಿಸಬೇಕು, ಒಡೆದ ಕುಟುಂಬಗಳು ಪರಸ್ಪರ ಹುಡುಕಿಕೊಳ್ಳಲು ನೆರವಾಗಬೇಕು, ಆಕ್ರಮಿಸಿದ ಶಕ್ತಿ ಮಕ್ಕಳ ಹೆತ್ತವರು ಯಾರೆಂಬುದನ್ನು ನೋಂದಾಯಿಸಬೇಕು, ಮಕ್ಕಳ ವೈಯಕ್ತಿಕ ಸ್ಥಾನಮಾನವನ್ನು ಬದಲಿಸಬಾರದು ಎಂಬ ವಿಧಿಗಳು ಅದರಲ್ಲಿವೆ. ಯಾರ ಮಕ್ಕಳಿಂದ ಕಲಿತ ಪಾಠ ಇದು ಎಂದು ಊಹಿಸುವುದು ಕಷ್ಟವಲ್ಲ. ಆ ವಿಧಿಗಳು ಇಂದಿಗೂ ಪರೀಕ್ಷೆಯಲ್ಲಿವೆ. 2023ರ ಮಾರ್ಚ್ 17ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಉಕ್ರೇನಿನ ಮಕ್ಕಳನ್ನು ಕಾನೂನುಬಾಹಿರವಾಗಿ ಸಾಗಿಸಿದ ಆರೋಪದ ಮೇಲೆ ರಷ್ಯಾದ ಅಧ್ಯಕ್ಷ ಪುಟಿನ್ ಮತ್ತು ಮಕ್ಕಳ ಹಕ್ಕುಗಳ ಆಯುಕ್ತೆಯ ವಿರುದ್ಧ ಬಂಧನದ ವಾರಂಟ್ ಹೊರಡಿಸಿತು. ನಾವು ಅವರನ್ನು ಯುದ್ಧದ ಬೆಂಕಿಯಿಂದ ಪಾರುಮಾಡಿದೆವು ಎಂಬುದು ಮಾಸ್ಕೋದ ಸಮಜಾಯಿಷಿ. ಕೊಲೆಯ ಶಿಬಿರಗಳಿಗೂ ಇದಕ್ಕೂ ಹೋಲಿಕೆ ಬೇಡ. ಇವು ಬೇರೆ ಬೇರೆ ಅಪರಾಧಗಳು. ಆದರೆ ಪಾರುಮಾಡಿದೆವು ಎನ್ನುವವರಿಗೆ ಕೇಳಬೇಕಾದ ಪ್ರಶ್ನೆಗಳು ಮಾತ್ರ ಬದಲಾಗಿಲ್ಲ: ಮಕ್ಕಳ ಹೆಸರಿನ ಪಟ್ಟಿ ಎಲ್ಲಿದೆ? ಅದು ಅವರ ನೆಂಟರ ಕೈಸೇರಿದೆಯೇ? ಹೊಸ ಪಾಸ್‌ಪೋರ್ಟನ್ನು, ಹೊಸ ತಂದೆತಾಯಿಯರನ್ನು ಕೊಡುವ ಮೊದಲು ಹಳೆಯವರನ್ನು ಯಾರಾದರೂ ಹುಡುಕಿದರೇ?